ಕಣ್ಣು ಕುಕ್ಕುವ ಹಾವು

ನಮ್ಮೂರ ಚಿನ್ನದ ಗಣಿಯ ಸೈರನ್ ಇನ್ನೂ ಕೂಗುತ್ತಿದ್ದ ಕಾಲ. ಮರದ ಮೇಲಿನ ವಿಷದ ಹಸಿರು ಹಾವು ನೋಡಲೆಂದೇ ಸಮುದ್ರ ದಾಟಿ ಬಂದಿದ್ದ ಬಿಳಿ ಗಂಡಹೆಂಡತಿಯನ್ನು ನನ್ನ ಟ್ಯಾಕ್ಸಿಯಲ್ಲಿ ಬೇತಮಂಗಲದ ಕಡೆ ಕರೆದುಕೊಂಡು ಹೋಗಿದ್ದೆ. ಕಾರಿಳಿದು ಹೊಂಗೆ ಮರದಡಿ ಹೋದರೆ, ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು ಸೆರಗನ್ನು ಹಣೆಯ ಮೇಲೆಳೆದುಕೊಂಡು, "ಮೇಲ್ಗಡೆನೇ ಐತೆ ಕಣಪ್ಪಾ! ನೆಟ್ಟಗೆ ಕಣ್ಣಿಗೇ ಕುಕ್ತೈತೆ, ಕಣ್ ಮುಚ್ಕೋ!" ಎಂದಳು. ಗಟ್ಟಿಯಾಗಿ ಮುಚ್ಚಿಕೊಂಡೆ.

ಅಷ್ಟರಲ್ಲಿ ನನ್ನ ಹೆಗಲ ಮೇಲೇ ಏನೋ ಇಳಿಯಿತು. ದೊರೆಸಾನಿ ಖುಷಿಯಿಂದ ಕಿರುಚಿದಳು. "ನೋಡು, ಎಷ್ಟು ಚೆಂದ, ಒಂದ್ಸಲ ನೋಡು!" ಎಂದು ದೊರೆ ಇಂಗ್ಲಿಷಿನಲ್ಲಿ ಗೋಗರೆದ.

"ನೀನೇ ನೋಡಪ್ಪಾ, ನನ್ ತಂದೆ!" ಎಂದೆ.

ಹಾವು ಕುತ್ತಿಗೆ ಸವರಿ ಮರ ಹತ್ತಿದ ಮೇಲೂ ನಾನು ಕಣ್ಣು ಬಿಡಲಿಲ್ಲ. ಅಜ್ಜಿಯೇ ನಗುನಗುತ್ತಾ ಕೈಹಿಡಿದು ನನ್ನನ್ನು ಕಾರಿನವರೆಗೆ ಬಿಟ್ಟಳು.

ಆ ಹಾವು ಹೇಗಿತ್ತು ಅಂತ ಈಗಲೂ ಕೇಳುತ್ತಾರೆ. ತಣ್ಣಗಿತ್ತು ಅಂತೀನಿ.