ಖಾಲಿಯಾಗದ ಮನೆಗೆ ಹೊಸ ಕರಾರು

ತುಮಕೂರಿನ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದ ಗಂಗಾಂಬಿಕೆಗೆ ಮನೆ ಮಾಲೀಕರೆಂದರೆ ತಾತ್ಸಾರ. ದಿನಕ್ಕೆ ನಾಲ್ಕೈದು ಬಾಡಿಗೆ ಕರಾರು ಅವಳ ಕೈಯಲ್ಲೇ ಹಾದುಹೋಗುತ್ತಿದ್ದವು. ನೆಂಟರು ಎರಡು ದಿನಕ್ಕಿಂತ ಹೆಚ್ಚು ಉಳಿಯಬಾರದು ಎಂದು ಬರೆಸುವವನ ಮುಖ ನೋಡಿ, ಅರಮನೆಯನ್ನೇ ಬಿಟ್ಟುಕೊಡ್ತಿದಾನೆ ಮಹಾರಾಯ ಎಂದುಕೊಳ್ಳುತ್ತಿದ್ದಳು.

ಅವಳೂ ಬಾಡಿಗೆಯವಳೇ. ಗಂಡ ತೀರಿಕೊಂಡ ಮೇಲೆ ಮಗಳು ಮಾಲಿನಿಯೊಂದಿಗೆ ಊರಂಚಿನ ಮರಳೂರಿನಲ್ಲಿ ರಾಮಾಂಜಿನಯ್ಯನ ಹಿತ್ತಲ ಮನೆಯಲ್ಲಿದ್ದಳು. ಅದು ಮೊದಲು ದನದ ಕೊಟ್ಟಿಗೆ. ಗೋದಲಿ ಒಡೆದು, ಸಿಮೆಂಟು ಬಳಿದು, 'ಸಿಂಗಲ್ ಬೆಡ್‌ರೂಮ್ ಪೋರ್ಶನ್' ಎಂದು ಹೆಸರಿಟ್ಟಿದ್ದ ಪುಣ್ಯಾತ್ಮ. ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ನೌಕರರು ಊರಿಗೆ ಬಂದು ತುಂಬಿಕೊಂಡಂತೆ ಇಂಥವಕ್ಕೂ ಬೆಲೆ ಏರಿತ್ತು.

೧೯೯೮ರಲ್ಲಿ ಒಂದು ಬೆಳಿಗ್ಗೆ ಬ್ರೋಕರ್ ಚೌಡಪ್ಪ ಒಂದು ಕರಡು ತಂದುಕೊಟ್ಟ. ಓದಿ ಹೊಡೆಯುತ್ತಿದ್ದಂತೆ ಅವಳ ಬೆರಳುಗಳು ನಿಂತವು. ವಿಳಾಸ ಅವಳ ಮನೆಯದೇ. ಬಾಡಿಗೆ ಮಾತ್ರ ಎಂಟುನೂರರ ಬದಲು ಸಾವಿರದ ಐನೂರು. ಹೊಸ ಬಾಡಿಗೆದಾರ ಉದಯಕುಮಾರ್, ಬ್ಯಾಂಕ್ ನೌಕರ.

"ಈ ಮನೆ ಖಾಲಿ ಇದ್ಯಾ ಅಣ್ಣಾ?"

"ಯಾರೋ ಗಂಡ ಇಲ್ದ ಹೆಂಗ್ಸು ಅವ್ಳಂತೆ. ಮಗ ಬತ್ತಾನೆ ಅಂತ ಹೇಳಿ ಎಬ್ಬುಸ್ತಾರಂತೆ ಬುಡಿ. ಬೇಗ ಹೊಡ್ಕೊಡಿ."

ಒಂದಕ್ಷರ ತಪ್ಪದೆ ಹೊಡೆದುಕೊಟ್ಟಳು.

ಸಂಜೆ ರಾಮಾಂಜಿನಯ್ಯ ನಗುತ್ತಾ ಬಾಗಿಲಿಗೆ ಬಂದ. "ನಮ್ ಮಗ ಬರ್ತಾವ್ನೆ ಕಣಮ್ಮಾ. ತಿಂಗ್ಳೊಳಗೆ ಖಾಲಿ ಮಾಡ್ಕೊಟ್ಬುಡು."

"ನಿಮ್ ಮಗನ ಹೆಸ್ರು ಉದಯಕುಮಾರ್ ಅಂತ ಯಾವಾಗಿಂದ ಆಯ್ತು ಸ್ವಾಮಿ? ಅವ್ರ ಕರಾರು ಟೈಪ್ ಮಾಡಿದ್ದು ನಾನೇ."

ಅವನ ನಗು ಅಲ್ಲೇ ಇಂಗಿತು. "ಏನ್ಮಾಡೋದಮ್ಮಾ, ರೇಟು ಹಂಗೈತೆ."

"ಹಂಗಂತ ನೇರವಾಗಿ ಹೇಳೋಕೆ ಬಾಯಿರ್ಲಿಲ್ವಾ? ನಮ್ ಕರಾರಲ್ಲಿ ಮೂರು ತಿಂಗ್ಳ ನೋಟಿಸ್ ಇದೆ. ಬರ್ದುಕೊಡಿ, ಹೋಗ್ತೀನಿ."

ಮಾರನೆಯ ದಿನದಿಂದ ನಲ್ಲಿ ನಿಲ್ಲಿಸಿದ. ತಾಯಿ ಮಗಳು ಬೀದಿಯ ಬೋರ್‌ವೆಲ್ಲಿನಿಂದ ಕೊಡ ಹೊತ್ತರು. ಮಾಲಿನಿ ಒಮ್ಮೆ ಅತ್ತಳು. ಆದರೂ ಗಂಗಾಂಬಿಕೆ ಅಲುಗಲಿಲ್ಲ. ವಾರದ ಮೇಲೆ ಅವನೇ ಸೋತು, ನಲ್ಲಿ ಬಿಟ್ಟು, ನೋಟಿಸ್ ಬರೆದುಕೊಟ್ಟ. ಉದಯಕುಮಾರ್ ಕಾಯಲಾರದೆ ಬೇರೆ ಮನೆ ಹಿಡಿದ.

ಮೂರನೆಯ ತಿಂಗಳು ಅವಳು ಗುಬ್ಬಿಯಲ್ಲಿ ತಿಪ್ಪಮ್ಮ ಎಂಬ ಮುದುಕಿಯ ಮನೆಯ ಎರಡು ಕೋಣೆ ಹಿಡಿದು ಅಲ್ಲಿಂದಲೇ ಅಂಗಡಿಗೆ ಬಸ್ಸಿನಲ್ಲಿ ಓಡಾಡತೊಡಗಿದಳು. ತಿಪ್ಪಮ್ಮ ಕರಾರು ಬೇಡವೆಂದರೂ ಗಂಗಾಂಬಿಕೆ ಬಿಡದೆ, ಎರಡು ಪ್ರತಿ ಟೈಪ್ ಮಾಡಿ ಸಹಿ ಹಾಕಿಸಿಕೊಂಡಳು.