ನಾಯಿ ಮುಟ್ಟೈತಿ, ನೀರು ಕಾಸು

ನಮ್ಮ ನಾಯಿ ಸಣ್ಣದಿದ್ದಾಗ ಮನೆಯೊಳಗೇ ಹೊಲಸು ಮಾಡುತ್ತಿತ್ತು ಎಂದು ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ನಾದಿನಿಯನ್ನು ಕೇಳಿದರೆ ಇನ್ನಷ್ಟು ಉಪ್ಪು ಖಾರ ಹಚ್ಚಿ ಹೇಳುತ್ತಾಳೆ. ಮೊದಲ ಕೆಲವು ದಿನ ಬಿಟ್ಟರೆ ಆ ಮಾತು ಸುಳ್ಳು. ಆ ಸುಳ್ಳನ್ನು ಸಾಕಿ ದೊಡ್ಡದು ಮಾಡಿದವಳು ನಾನೇ ಆದ್ದರಿಂದ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ನಾಯಿಗೂ ಒಂದು ಮಾನ ಅಂತ ಇರುತ್ತದೆ.

ಮರಿಯನ್ನು ತಂದವರು ನಮ್ಮ ಮನೆಯವರು. ದೀಪಾವಳಿ ಮುಗಿದು, ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಡಾಡಲು ಶುರುವಾಗಿದ್ದ ದಿನಗಳು. ನೂಲಿನ ವ್ಯವಹಾರಕ್ಕೆಂದು ಮುಧೋಳಕ್ಕೆ ಹೋದವರು ಸಂಜೆ ಟಾವೆಲಿನಲ್ಲಿ ಸುತ್ತಿದ ಮರಿಯೊಂದನ್ನು ಹಿಡಿದುಕೊಂಡು ಬಂದರು. ಅಸಲಿ ಮುಧೋಳ ತಳಿ ಎಂದು ಬಾಗಿಲಲ್ಲೇ ಸಾರಿದರು. ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು, ದಾರದಂಥ ಬಾಲ. ಇದಕ್ಕೆ ಹುಟ್ಟಿದಾಗಿನಿಂದ ಯಾರೂ ಊಟ ಹಾಕಿಲ್ಲವೇ ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. ಇದರ ಎಲ್ಲ ಜವಾಬ್ದಾರಿ ನನ್ನದು, ನೀನು ಕೈ ಹಚ್ಚುವುದೇ ಬೇಡ ಎಂದರು. ಆ ಮಾತು ಮರುದಿನ ಅಂಗಡಿ ತೆರೆಯುವ ಹೊತ್ತಿನವರೆಗೆ ನಡೆಯಿತು.

ಅತ್ತೆಯವರು ಮರಿಯನ್ನು ಕಂಡು ಹಿಂದೆ ಸರಿದರು. ಅವರದು ಬಿಗಿ ನೇಮ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ, ವಿಭೂತಿ, ಇಷ್ಟಲಿಂಗದ ಪೂಜೆ, ಆಮೇಲೆಯೇ ಚಹಾ. ಗಂಡ ತೀರಿಕೊಂಡ ಮೇಲೆ ನೂಲಿನ ಅಂಗಡಿಯಲ್ಲಿ ತಾವೇ ಕೂತು ವ್ಯಾಪಾರ ಮಾಡಿ, ಅದನ್ನು ಉಳಿಸಿ ಮಗನ ಕೈಗೆ ಕೊಟ್ಟವರು. ಓಣಿಯಲ್ಲಿ ಯಾರೂ ಅವರೆದುರು ದನಿ ಎತ್ತುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನಾನು ತೊಳೆದಿಟ್ಟ ತಂಬಿಗೆಯನ್ನು ಇನ್ನೊಮ್ಮೆ ತೊಳೆದೇ ನೀರು ಕುಡಿಯುತ್ತಿದ್ದರು. ಅದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇರಲಿಲ್ಲ. ಕಾರ್ತಿಕದ ಕೊನೆಗೆ ಬರುವ ಛಟ್ಟಿ ಅಮಾವಾಸ್ಯೆಯೊಳಗೆ ನಾಯಿ ಹೊರಗೆ ಹೋಗುವುದನ್ನು ಕಲಿಯಬೇಕು, ಇಲ್ಲದಿದ್ದರೆ ಅದು ಈ ಮನೆಯಲ್ಲಿ ಇರಕೂಡದು ಎಂದು ಅವರು ತೀರ್ಪು ಕೊಟ್ಟರು.

ಅದೇ ವಾರ ಮೋಡ ಕವಿಯಿತು. ಮಳೆಗಾಲದಲ್ಲಿ ಬಾ ಎಂದರೂ ಬಾರದ ಮಳೆ, ಎಲ್ಲಿಯೋ ಸಮುದ್ರದಲ್ಲಿ ಗಾಳಿ ಎದ್ದಿತೆಂದು ಕಾರ್ತಿಕದಲ್ಲಿ ಕರೆಯದೆ ಬಂದು ಕೂತಿತು. ಬಿರುಸಿನದಲ್ಲ, ಹಗಲೆಲ್ಲ ಜಿಟಿಜಿಟಿ, ಅದರ ಮೇಲೆ ಥಂಡಿ ಗಾಳಿ. ಮುಧೋಳದ ನಾಯಿಗೆ ಮೈಮೇಲೆ ಕೂದಲು ಹೆಸರಿಗಷ್ಟೇ. ಹಿತ್ತಲ ಬಾಗಿಲು ತೆರೆದರೆ, ಮೂಗಿಗೆ ಹನಿ ತಾಗಿದ ಕೂಡಲೇ ಮರಿ ನನ್ನ ಕಾಲಸಂದಿನಿಂದ ನುಸುಳಿ ಒಳಗೆ ಓಡುತ್ತಿತ್ತು. ಬೆಚ್ಚಗಿನ ಅಡುಗೆಮನೆಯಲ್ಲಿ ನಿರಾಳವಾಗಿ ಕೆಲಸ ಮುಗಿಸುತ್ತಿತ್ತು. ಎತ್ತಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಇಟ್ಟರೆ ನಾಲ್ಕೂ ಕಾಲು ಕೂಡಿಸಿ ನಡುಗುತ್ತ, ಮಳೆ ಸುರಿಸಿದವಳು ನಾನೇ ಎಂಬಂತೆ ನನ್ನನ್ನು ನೋಡುತ್ತಿತ್ತು. ಬೈದೆ. ಇನ್ನಷ್ಟು ನಡುಗಿತು. ಬೈದದ್ದಕ್ಕೆ ನನಗೇ ಬೇಜಾರಾಯಿತು.

ಕೊನೆಗೆ ಒಂದು ಉಪಾಯ ಹೊಳೆಯಿತು. ಅದು ಒದ್ದೆ ಮಾಡಿದ್ದ ಗೋಣಿಚೀಲದ ತುಂಡನ್ನು ತೊಳೆಯದೆ ಹಿತ್ತಲ ಬಾಗಿಲ ಒಳಗೆ ಹಾಸಿದೆ. ತನ್ನದೇ ವಾಸನೆ ಇದ್ದಲ್ಲಿ ಹೋಗಿ ಕೂತಿತು. ಮರುದಿನ ಚೀಲವನ್ನು ಹೊಸ್ತಿಲಾಚೆ ತಗಡಿನ ಚಪ್ಪರದ ಕೆಳಗೆ ಸರಿಸಿದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಬೇವಿನ ಗಿಡದತ್ತ. ಉಂಡ ಕೂಡಲೇ, ಎದ್ದ ಕೂಡಲೇ, ಆಡಿ ದಣಿದ ಕೂಡಲೇ ಅದನ್ನು ಎತ್ತಿಕೊಂಡು ಓಡುವುದು. ಅದರ ಮೇಲೆ ಛತ್ರಿ, ನನ್ನ ತಲೆಯ ಮೇಲೆ ಮಳೆ. ಕೆಲಸವಾದರೆ ಬೆಲ್ಲ ಹಚ್ಚಿದ ರೊಟ್ಟಿಯ ಚೂರು. ಪಕ್ಕದ ಮನೆಯ ಹೆಂಗಸು ಮಗ್ಗ ನಿಲ್ಲಿಸಿ ಕಿಟಕಿಯಲ್ಲಿ ನಿಂತು, ಗಂಡನಿಗೆ ಎಂದಾದರೂ ಹೀಗೆ ಛತ್ರಿ ಹಿಡಿದಿದ್ದೀರಾ ಎಂದು ನಗಾಡಿದಳು. ಅವರು ಹಾಗೆ ನಡುಗಿದರೆ ಹಿಡಿಯುತ್ತೇನೆ ಎಂದೆ.

ಅಮಾವಾಸ್ಯೆಗೆ ಮೊದಲೇ ಮರಿ ಕಲಿಯಿತು. ತಾನೇ ಹೋಗಿ ಹಿತ್ತಲ ಬಾಗಿಲನ್ನು ಉಗುರಿನಿಂದ ಕೆರೆದು, ತಿರುಗಿ ನನ್ನನ್ನು ನೋಡಿತು. ಆ ದಿನ ನನಗಾದ ಹೆಮ್ಮೆ ಮಗಳು ಹತ್ತನೆಯ ತರಗತಿ ಪಾಸಾದಾಗಲೂ ಆಗಿರಲಿಲ್ಲ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ, ಇದನ್ನು ಓದಿದರೆ ಜಗಳಕ್ಕೆ ಬರಲಿ.

ಅದಾದ ಮೇಲೆ ಅತ್ತೆಯವರ ಕೋಣೆಯ ನೆಲ ಒದ್ದೆಯಾಗತೊಡಗಿತು. ಮೊದಲ ಸಲ ನಾನೂ ಮರಿಯದೇ ಕೆಲಸ ಅಂದುಕೊಂಡೆ. ಅತ್ತೆಯವರು ಒಳಗಿನಿಂದಲೇ, "ನಾಯಿ ಮುಟ್ಟೈತಿ, ನೀರು ಕಾಸು," ಎಂದರು. ನಾಯಿ ಮುಟ್ಟಿದರೆ ಸ್ನಾನ ಮಾಡಿ ಸೀರೆ ಬದಲಿಸದ ಹೊರತು ಅವರು ಲಿಂಗವನ್ನು ಕೈಗೆ ತೆಗೆದುಕೊಳ್ಳುವವರಲ್ಲ. ಹಂಡೆಗೆ ಉರಿ ಹಚ್ಚಿದೆ. ಹಸಿ ಕಟ್ಟಿಗೆ, ಬರೀ ಹೊಗೆ. ಊದಿ ಊದಿ ಕಣ್ಣು ಕೆಂಪಾಗಿ, ಮರಿಯನ್ನೂ ಅದನ್ನು ತಂದವರನ್ನೂ ಸೇರಿಸಿ ಬೈದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಮಾತು, ಆಮೇಲೆ ಮತ್ತೆ. ಆ ಮಳೆಯಲ್ಲಿ ಅವರ ಸೀರೆ, ಕೌದಿ ಒಣಗುತ್ತಲೇ ಇರಲಿಲ್ಲ. ಮನೆಯೆಲ್ಲ ಹಸಿ ಬಟ್ಟೆಯ ವಾಸನೆ.

ಒಂದು ಮಧ್ಯಾಹ್ನ ಮರಿಯನ್ನು ಎತ್ತಿಕೊಂಡು ಹಿತ್ತಲಿನಿಂದ ಒಳಗೆ ಬಂದೆ. ಬೆಳಗಿನಿಂದ ಅದು ನನ್ನ ಬೆನ್ನು ಬಿಟ್ಟಿರಲಿಲ್ಲ. ಅತ್ತೆಯವರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಅವರು ಮಂಚದ ಕಾಲು ಹಿಡಿದು, ಬಗ್ಗಲಾರದೆ ಬಗ್ಗಿ, ಹಳೆಯ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ಉಟ್ಟ ಸೀರೆ ಹಿಂದಿನಿಂದ ಒದ್ದೆಯಾಗಿತ್ತು. ನನ್ನ ಹೆಜ್ಜೆ ಸಪ್ಪಳ ಕೇಳಿ, ತಿರುಗದೆಯೇ, "ನೋಡಿಲ್ಲಿ, ನಿನ್ನ ನಾಯಿ ಮಾಡಿದ್ದು," ಎಂದರು. ಆಮೇಲೆ ತಿರುಗಿದರು. ನಾಯಿ ನನ್ನ ಕಂಕುಳಲ್ಲಿತ್ತು.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಇಷ್ಟು ವರ್ಷ ಕೂಡಿಟ್ಟ ಉತ್ತರಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು, ಆ ತಂಬಿಗೆಯದೂ ಸೇರಿ. ಅಷ್ಟರಲ್ಲಿ ಅವರ ಮುಖ ನೋಡಿದೆ. ಆ ಮುಖದಲ್ಲಿ ಹೆದರಿಕೆ ಇತ್ತು. ನಮ್ಮ ಅತ್ತೆಯವರು ಯಾರಿಗಾದರೂ ಹೆದರುತ್ತಾರೆ, ಅದೂ ನನಗೆ ಹೆದರುತ್ತಾರೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಹೊರಗ ಹೋಗೂಕಿಂತ ಮೊದಲ ಮಾಡಿರಬೇಕ್ರಿ," ಎಂದೆ. "ನೀರು ಕಾಸ್ತೀನಿ."

ಅವರು ಕೈಯಲ್ಲಿದ್ದ ಬಟ್ಟೆಯನ್ನು ನನಗೆ ಕೊಟ್ಟು ಮಂಚದ ಮೇಲೆ ಕೂತರು.

ಗೊತ್ತಾದರೆ ಅವರಿಗೆ ಏನು ಹೋಗುತ್ತಿತ್ತು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಮೈಲಿಗೆಯ ಮೈಗೆ ಲಿಂಗ ಮುಟ್ಟುವ ಹಕ್ಕಿಲ್ಲ ಎಂದು ಅವರೇ ಅಂದುಕೊಂಡುಬಿಡುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಮಗನಿಗೆ ಗೊತ್ತಾಗುತ್ತಿತ್ತು. ಅವರನ್ನು ಆ ಮಗ ದೇವರ ಪಕ್ಕದಲ್ಲಿ ಇಟ್ಟಿದ್ದ. ಅವನ ಕಣ್ಣಲ್ಲಿ ಅಯ್ಯೋ ಪಾಪ ಎಂಬುದನ್ನು ನೋಡುವುದಕ್ಕಿಂತ ಸಾಯುವುದು ಮೇಲು ಎನ್ನುವಂಥ ಹೆಂಗಸು ಅವರು. ಆ ಮಾನ ಈಗ ನನ್ನ ಬಾಯಲ್ಲಿತ್ತು. ನನಗೆ ಅದು ಬೇಕಿರಲಿಲ್ಲ.

ಅಂಗಡಿಗೆ ಸೂಟಿ ಇದ್ದ ದಿನ ನಮ್ಮ ಮನೆಯವರು ತಾಯಿಯನ್ನು ಮಾತಾಡಿಸಲು ಹೋಗಿ ಬರಿಗಾಲಲ್ಲಿ ಒದ್ದೆ ತುಳಿದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮರಿಯ ಕುತ್ತಿಗೆ ಹಿಡಿದು, ಅದರ ಮೂತಿಯನ್ನು ಆ ನೆಲಕ್ಕೆ ತಿಕ್ಕುತ್ತಿದ್ದರು. ಬೆನ್ನಿಗೆ ಎರಡು ಏಟು ಬಿಗಿದರು. ಮರಿ ಚೀರಿತು. ಹಿಪ್ಪರಗಿಯಲ್ಲಿ ಪರಿಚಯದ ಕಬ್ಬಿನ ತೋಟದವರಿದ್ದಾರೆ, ನಾಳೆಯೇ ಅಲ್ಲಿ ಬಿಟ್ಟು ಬರುತ್ತೇನೆ, ಹಂದಿ ಬೆನ್ನಟ್ಟಿಕೊಂಡು ಇರಲಿ ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮರಿಯನ್ನು ಕಸಿದುಕೊಳ್ಳಲು ಕೈ ತುರಿಸುತ್ತಿತ್ತು. ಕಸಿದುಕೊಂಡರೆ ಅದು ಮಾಡಿಲ್ಲ ಎಂದು ಹೇಳಬೇಕಾಗುತ್ತಿತ್ತು.

ಆಗ ಮಂಚದ ಮೇಲಿಂದ ಅತ್ತೆಯವರು ಮಾತಾಡಿದರು. "ಬಿಡೋ ಅದನ್ನ. ಅದರ ಕೈಯಾಗ ಏನೈತಿ. ಇಲ್ಲೇ ಇರಲಿ."

ಹೇಳಿದವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸೆರಗು ಕಣ್ಣಿಗೆ ಹೋದದ್ದನ್ನು ನಾನು ಕಂಡೆ. ನಮ್ಮ ಮನೆಯವರಿಗೆ ಆಶ್ಚರ್ಯವೋ ಆಶ್ಚರ್ಯ. ಅವ್ವನ ಮನಸ್ಸು ಎಷ್ಟು ಮೆತ್ತಗಾಗಿದೆ ನೋಡು ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾಯಿ ಹೋದರೆ ನೆಲ ಯಾರು ಒದ್ದೆ ಮಾಡಿದರು ಎಂದು ಹೇಳುವುದು? ಆ ಭಯಕ್ಕೆ ಅತ್ತೆಯವರು ಮರಿಯನ್ನು ಉಳಿಸಿಕೊಂಡರು ಎಂಬುದು ಖರೆ. ಆದರೆ ಕಣ್ಣೀರು ಭಯದ್ದಲ್ಲ. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ನನಗೆ ಇಂದಿಗೂ ಹೇಳಲು ಬರುವುದಿಲ್ಲ.

ಅಲ್ಲಿಂದ ನಾನು ಒಂದು ರೂಢಿ ಹಾಕಿಕೊಂಡೆ. ಚಹಾ ಆದ ಮೇಲೆ, ಊಟ ಆದ ಮೇಲೆ, ಮಧ್ಯಾಹ್ನದ ನಿದ್ದೆ ಆದ ಮೇಲೆ ಅವರ ಕೋಣೆಯ ಮುಂದೆ ನಿಂತು, ನಾಯಿಯನ್ನು ಹೊರಗೆ ಕರೆದುಕೊಂಡು ಹೊರಟಿದ್ದೇನೆ ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರೂ ಎದ್ದು ಬಂದು, ತಾವೂ ಕಾಲಾಡಿಸಿ ಬರುವುದಾಗಿ ಹೇಳುತ್ತಿದ್ದರು. ಪಾಯಖಾನೆ ಹಿತ್ತಲ ಆ ತುದಿಗೆ, ದಾರಿಯ ಫರಸಿ ಕಲ್ಲಿನ ಮೇಲೆಲ್ಲ ಪಾಚಿ. ಆ ಥಂಡಿಯಲ್ಲಿ, ಆ ಜಾರಿಕೆಯಲ್ಲಿ ಒಬ್ಬರೇ ಹೋಗಲು ಹೆದರಿ ಅವರು ತಡೆದುಕೊಳ್ಳುತ್ತಿದ್ದರು, ತಡೆಯಲಾಗದೆ ಹೋಗುತ್ತಿತ್ತು. ಮರಿಯದೂ ಮೊದಲು ಇದೇ ಕಥೆ ಇತ್ತಲ್ಲ. ಕೋಣೆಯಲ್ಲೇ ಒಂದು ಪಾತ್ರೆ ಇಡುತ್ತೇನೆ ಎಂದಿದ್ದರೆ, ಪೂಜೆ ಮಾಡುವ ಕೋಣೆಯಲ್ಲಿ ಅಂಥ ಮಾತು ಆಡಿದಳಲ್ಲ ಎಂದು ಊಟ ಬಿಡುತ್ತಿದ್ದರು.

ಹೀಗಾಗಿ ಒಂದೇ ಛತ್ರಿಯ ಕೆಳಗೆ ಮೂವರೂ ಹೋಗುತ್ತಿದ್ದೆವು. ಅತ್ತೆಯವರು ನನ್ನ ತೋಳು ಹಿಡಿದು, ಮರಿ ನಮ್ಮ ಕಾಲ ಬಳಿ ಅಂಟಿಕೊಂಡು. ಮರಿಗೆ ಬೇವಿನ ಗಿಡ, ಅವರಿಗೆ ಆಚೆಯ ಬಾಗಿಲು. ನಡುವೆ ನಿಂತು ನಾನು ಇಬ್ಬರನ್ನೂ ಕಾಯುತ್ತಿದ್ದೆ. ಮರಿಯ ಹಸಿ ಬೆನ್ನು ಅವರ ಸೀರೆಗೆ ತಾಗುತ್ತಿತ್ತು. ಅವರು ಸೀರೆ ಎಳೆದುಕೊಳ್ಳುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅವರ ಜೊತೆ ನಾನು ಸುಖವಾಗಿ ಇದ್ದದ್ದು ಅದೊಂದೇ ಚಳಿಗಾಲ.

ಆದರೂ ಆಗಾಗ ತಡವಾಗುತ್ತಿತ್ತು. ಆಗ ಒಳಗಿನಿಂದ ಅದೇ ಮಾತು ಬರುತ್ತಿತ್ತು, ನಾಯಿ ಮುಟ್ಟೈತಿ, ನೀರು ಕಾಸು. ನಾನು ಆತ್ರಿ ಎನ್ನುತ್ತಿದ್ದೆ. ನಮ್ಮ ನಡುವೆ ಆ ವಿಷಯಕ್ಕೆ ಇದ್ದದ್ದು ಅಷ್ಟೇ ಮಾತು. ಜಮಖಂಡಿಗೆ ಹೋಗಿ ಮೊಣಕಾಲು ತೋರಿಸಿಕೊಂಡು ಬರೋಣ ಎಂದು ಒಮ್ಮೆ ಸುತ್ತು ಬಳಸಿ ಕೇಳಿದೆ. ಮೊಣಕಾಲಿಗೇನಾಗಿದೆ ಎಂದು ನನ್ನನ್ನೇ ದಿಟ್ಟಿಸಿದರು. ನಾನೊಬ್ಬಳೇ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಕರೆದುಕೊಂಡು ಬನ್ನಿ ಎಂದರು. ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಗೆ ನಾದಿನಿ ಬಂದಳು. ತಾಯಿಯ ಕೋಣೆಗೆ ಹೋದವಳು ಮೂಗು ಮುಚ್ಚಿಕೊಂಡು ಹೊರಬಂದು, ಒಂದು ನಾಯಿಗೆ ಕಲಿಸಲು ಆಗದಿದ್ದ ಮೇಲೆ ಯಾಕೆ ಸಾಕಬೇಕು ಎಂದು ಬಂದ ಬೀಗರೆದುರು ನನ್ನನ್ನು ಕೇಳಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಮಳೆಯಲ್ಲಿ ನಾನು ಪಟ್ಟ ಪಾಡೇನು, ಅದು ಕಲಿತ ಚಂದವೇನು. ನನ್ನ ತಪ್ಪು, ನನಗೆ ಕಲಿಸಲು ಬರಲಿಲ್ಲ ಎಂದೆ. ಕುಸುರೆಳ್ಳು ಹಂಚಿದೆ.

ಅಷ್ಟರಲ್ಲಿ ಮೋಡವೇನೋ ಹೋಗಿತ್ತು, ಚಳಿ ಹೋಗಿರಲಿಲ್ಲ. ಹೊತ್ತಲ್ಲದ ಹೊತ್ತಿನ ಸ್ನಾನಗಳು ಎದೆಗೆ ಇಳಿದಿರಬೇಕು. ಅತ್ತೆಯವರಿಗೆ ಕಫ ಕಟ್ಟಿತು, ಉಸಿರು ಎಳೆದು ಬರತೊಡಗಿತು. ಜಮಖಂಡಿಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ನರ್ಸು ಅವರಿಗೆ ದೊಡ್ಡವರ ಡಯಾಪರ್ ಕಟ್ಟಿದಳು, ಎಲ್ಲರಿಗೂ ಕಟ್ಟುವಂತೆ. ಅತ್ತೆಯವರು ಕಣ್ಣು ಮುಚ್ಚಿ ಮಲಗಿದ್ದರು. ನರ್ಸು ಹೋದ ಮೇಲೆ, ನಮ್ಮ ಮನೆಯವರು ಔಷಧಿ ತರಲು ಕೆಳಗೆ ಹೋಗಿದ್ದಾಗ, ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು.

"ನಾಯಿನ್ನ ಬಡಿಯಾಕ ಬಿಡಬ್ಯಾಡ ಅವಂಗ," ಎಂದರು. "ಅದು ಏನೂ ಮಾಡಿಲ್ಲ."

ಗೊತ್ತು ಎಂದೆ. ನನ್ನ ಕೈ ಹಿಡಿದರು. ಹಿಡಿತ ಆಗಲೂ ಬಿಗಿಯಾಗಿಯೇ ಇತ್ತು. ಎರಡು ದಿನಕ್ಕೆ ಹೋಗಿಬಿಟ್ಟರು.

ಶಿವಗಣಾರಾಧನೆ ಮುಗಿದು, ಬಂದವರೆಲ್ಲ ತಮ್ಮ ತಮ್ಮ ಊರಿಗೆ ಹೊರಟು ಮನೆ ಖಾಲಿಯಾಯಿತು. ಒಂದು ಸಂಜೆ ಇವರು ತಾಯಿಯ ಕೋಣೆಯಲ್ಲಿ ಮಂಚದ ಮೇಲೆ ಸುಮ್ಮನೆ ಕೂತಿದ್ದರು. ನಾಯಿ ಹೊಸ್ತಿಲ ಹೊರಗೆ ನಿಂತಿತ್ತು. ಇವರಿದ್ದಲ್ಲಿಗೆ ಅದು ಹೋಗುತ್ತಿರಲಿಲ್ಲ. ಕರೆದರು, ಬಾಲ ಕಾಲಸಂದಿಗೆ ಸೇರಿಸಿ ನಿಂತೇ ಇತ್ತು. ಇವರು ನೆಲವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಅಂತೂ ಕಲೀತು ನೋಡು ನಿನ್ನ ನಾಯಿ," ಎಂದರು. "ಅವ್ವ ಇನ್ನಷ್ಟು ದಿನ ಇದ್ದಿದ್ರ ನೋಡತಿದ್ಲು."

ಹೌದ್ರಿ ಎಂದೆ, ನನ್ನ ಮುಖ ಅವರಿಗೆ ಕಾಣದಂತೆ ನಾಯಿಯ ಕಡೆ ತಿರುಗಿ.