ಮೌನ ಹಿಡಿದ ಫಾದರ್‌ಗೆ ರೊಟ್ಟಿ ಬುತ್ತಿ

ಬೇವಿನ ಮರದಡಿ ಕೂತಿದ್ದ ನಮ್ಮ ಕಾರಟಗಿ ಚರ್ಚಿನ ಫಾದರ್ ನಮ್ಮನ್ನು ಕಂಡೊಡನೆ ತುಟಿಯ ಮೇಲೆ ಬೆರಳಿಟ್ಟರು. ವಿಶ್ರಾಂತಿಗೂ ಧ್ಯಾನಕ್ಕೂ ಎಂದು ಹುಲಿಗಿ ಹತ್ತಿರದ ಆಶ್ರಮದಲ್ಲಿ ಅವರಿಗೆ ಒಂದು ವಾರ ಮೌನ. ರೊಟ್ಟಿ ಬುತ್ತಿ ಕಟ್ಟಿಕೊಂಡು ನನ್ನ ಬೈಕಿನಲ್ಲಿ ಬಂದಿದ್ದ ನೆರೆಮನೆಯ ಮರಿಯಮ್ಮಜ್ಜಿ ಅವರೆದುರೇ ಕೂತಳು.

“ನೀವು ಮಾತಾಡಬ್ಯಾಡ್ರಿ ಫಾದರ್. ಎಲ್ಲಾ ನಾನ ಹೇಳ್ತೀನಿ.”

ಸೊಸೆ, ಮೊಣಕಾಲು, ತೀರಿಹೋದ ಗಂಡ ಎಂದು ಒಂದು ತಾಸು ಹೇಳಿದಳು. ಪ್ರತಿ ದೂರಿಗೂ ಒಂದು ಉಪದೇಶ ಕೊಟ್ಟೇ ತೀರುವ ಫಾದರ್ ಸುಮ್ಮನೆ ತಲೆಯಾಡಿಸಿದರು. ಮರಳುವಾಗ ಅಜ್ಜಿ, “ಇಷ್ಟು ವರ್ಷದಾಗ ಇವತ್ತ ನೋಡಪ್ಪಾ, ಫಾದರ್ ಭಾಳ ಛಲೋ ಮಾತಾಡಿದ್ರು” ಅಂದಳು.

ಆ ಸಂಜೆ ಅವ್ವ ಫೋನ್ ಮಾಡಿದಾಗ ನಾನೂ ನಡುವೆ ಬಾಯಿ ಹಾಕಲಿಲ್ಲ. ಅರ್ಧ ತಾಸು ಮಾತಾಡಿದ ಅವ್ವ ಕೊನೆಗೆ ಮೆಲ್ಲಗೆ ಕೇಳಿದಳು: “ಯಾಕಪ್ಪಾ, ಆರಾಮಿಲ್ಲೇನು?”